ಗ್ರಂಥಾಲಯದ ಬಾಗಿಲಲ್ಲಿ ಅದ್ಭುತ ಕಾದಂಬರಿ

ನಮ್ಮೂರಿನ ಶಾಖಾ ಗ್ರಂಥಾಲಯದ ಗ್ರಂಥಪಾಲಕರು ಈಚೆಗೆ ಒಂದು ಸಂಜೆ ನನ್ನನ್ನು ತಡೆದು ನಿಲ್ಲಿಸಿ, “ಮೇಷ್ಟ್ರೇ, ಹುಡುಗರು ಬಂದು ಫ್ಯಾಂಟಸಿ ಕಾದಂಬರಿ ಯಾವುದಿದೆ ಎಂದು ಕೇಳುತ್ತಾರೆ. ನನಗೆ ಹೆಸರು ಗೊತ್ತಿರುವುದು ಒಂದೆರಡು ಮಾತ್ರ. ಈಚಿನವುಗಳಲ್ಲಿ ಒಳ್ಳೆಯವನ್ನು ಆರಿಸಿ ಒಂದು ಪಟ್ಟಿ ಮಾಡಿಕೊಡಿ, ಬಾಗಿಲ ಬಳಿ ಅಂಟಿಸುತ್ತೇನೆ” ಎಂದರು. ನಾನು ಒಪ್ಪಿಕೊಂಡೆ. ಒಂದು ರಾತ್ರಿಯ ಕೆಲಸವೆಂದು ತಿಳಿದಿದ್ದೆ. ಮೂರು ವಾರ ಹಿಡಿಯಿತು. ಪಟ್ಟಿ ಮಾಡಲು ಕುಳಿತಾಗ ನೆನಪಿಗೆ ಬಂದುದು ಪುಸ್ತಕಗಳ ಹೆಸರಲ್ಲ, ಒಬ್ಬ ವಿದ್ಯಾರ್ಥಿಯ ಮುಖ.

ಆಗ ನಾನು ಅಧ್ಯಾಪಕ ವೃತ್ತಿಗೆ ಹೊಸಬ. ಕಾಲೇಜಿನ ಗ್ರಂಥಾಲಯ ಸಮಿತಿಯಲ್ಲಿ ನನಗೂ ಒಂದು ಸ್ಥಾನವಿತ್ತು. ಬಿ.ಎ. ಮೊದಲ ವರ್ಷದ ಹುಡುಗನೊಬ್ಬ, ಮಂತ್ರವಾದಿಗಳೂ ಬೆಂಕಿಯುಗುಳುವ ಘಟಸರ್ಪಗಳೂ ತುಂಬಿದ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಂತಿದ್ದ. “ಏನಯ್ಯ, ಇನ್ನೂ ಅಜ್ಜಿಕಥೆ ಓದುವ ವಯಸ್ಸೇ ನಿನ್ನದು?” ಎಂದು ನಕ್ಕು, ಅದನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು, ಸಾಮಾಜಿಕ ಕಾದಂಬರಿಯೊಂದನ್ನು ಕೊಟ್ಟು ಕಳುಹಿಸಿದೆ. ಅವನು ಅದನ್ನು ಮೂರನೆಯ ದಿನವೇ ಹಿಂದಿರುಗಿಸಿದ. ಹಾಳೆ ತಿರುವಿದ ಗುರುತಿರಲಿಲ್ಲ. ಆಮೇಲೆ ಮೂರು ವರ್ಷ ಅವನ ಗ್ರಂಥಾಲಯದ ಚೀಟಿಯಲ್ಲಿ ಪಠ್ಯಪುಸ್ತಕಗಳ ಹೊರತು ಬೇರೊಂದು ಹೆಸರು ಬೀಳಲಿಲ್ಲ. ನಾನು ಕೊಟ್ಟ ಪುಸ್ತಕ ಉತ್ತಮವಾದುದೇ. ಈಗಲೂ ಅದನ್ನು ಪಾಠ ಹೇಳುತ್ತೇನೆ. ತಪ್ಪು ಪುಸ್ತಕದ್ದಲ್ಲ, ಕೊಟ್ಟ ಕೈಯದು.

ಈ ತಪ್ಪು ನನ್ನೊಬ್ಬನದೆಂದು ಬಹುಕಾಲ ಎಣಿಸಿದ್ದೆ. ಪಟ್ಟಿಯ ನೆಪದಿಂದ ಹಳೆಯ ಸಂಗತಿಗಳನ್ನು ಕೆದಕಿದಾಗ, ನನಗಿಂತ ಹಿಂದೆ ದೊಡ್ಡ ದೊಡ್ಡವರೇ ಇದೇ ತಪ್ಪನ್ನು ಮಾಡಿರುವರೆಂದು ತಿಳಿದುಬಂತು. ಅದು ಸಮಾಧಾನವೇನೂ ಅಲ್ಲ. ಆದರೆ ಪಟ್ಟಿಯನ್ನು ಹೇಗೆ ಬರೆಯಬೇಕೆಂಬುದನ್ನು ಆ ಚರಿತ್ರೆಯೇ ನನಗೆ ಕಲಿಸಿತು. ಆದಕಾರಣ ಮೊದಲು ಚರಿತ್ರೆಯನ್ನು ಹೇಳಿ ಆಮೇಲೆ ಪಟ್ಟಿಗೆ ಬರುತ್ತೇನೆ.

ಮೊದಲು ನಮ್ಮ ಮನೆಯ ಮಾತು. ‘ನಾವೆಲ್’ ಎಂಬುದಕ್ಕೆ ನಾವು ಇಟ್ಟುಕೊಂಡಿರುವ ಹೆಸರು ‘ಕಾದಂಬರಿ’, ಮರಾಠಿಯವರದೂ ಅದೇ. ಈ ಹೆಸರು ಬಂದುದು 7ನೆಯ ಶತಮಾನದಲ್ಲಿ ಹರ್ಷ ಚಕ್ರವರ್ತಿಯ ಆಸ್ಥಾನದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದಿಂದ. ಬಾಣನು ಅದನ್ನು ಮುಗಿಸದೆಯೇ ತೀರಿಕೊಂಡನು. ಅವನ ಮಗನು ಪೂರ್ತಿಮಾಡಿದನು. 10ನೆಯ ಶತಮಾನದ ಕೊನೆಯ ಸುಮಾರಿಗೆ ನಾಗವರ್ಮನು ಅದನ್ನು ಕನ್ನಡದ ಚಂಪುವಾಗಿಸಿದನು. ಇನ್ನು ಕಥೆಯಾದರೂ ಎಂಥದು! ಚಂಡಾಲ ಕನ್ಯೆಯೊಬ್ಬಳು ರಾಜನ ಸಭೆಗೆ ಒಂದು ಗಿಳಿಯನ್ನು ತರುತ್ತಾಳೆ. ಗಿಳಿ ಬಾಯಿಬಿಟ್ಟು ಕಥೆ ಹೇಳುತ್ತದೆ. ಚಂದ್ರನು ಶಾಪದಿಂದ ಭೂಮಿಯಲ್ಲಿ ಹುಟ್ಟುತ್ತಾನೆ. ಮುನಿಕುಮಾರನೊಬ್ಬನು ಕುದುರೆಯಾಗುತ್ತಾನೆ. ಸತ್ತವನ ದೇಹ ಕೆಡದೆ ಉಳಿದು ಪ್ರಿಯೆಯನ್ನು ಕಾಯಿಸುತ್ತದೆ. ಇದು ಅದ್ಭುತ ಕಥೆಯಲ್ಲದೆ ಮತ್ತೇನು? ನಮ್ಮ ಗ್ರಂಥಾಲಯಗಳಲ್ಲಿ ‘ಕಾದಂಬರಿ’ ಎಂಬ ಫಲಕ ತೂಗಿಸಿರುವ ಪ್ರತಿಯೊಂದು ಕಪಾಟೂ, ಬಡತನದ ಕಥೆಯಿರಲಿ, ಕಚೇರಿಯ ಕಥೆಯಿರಲಿ, ಒಂದು ಅದ್ಭುತ ಕಥೆಯ ಹೆಸರನ್ನು ಹೊತ್ತು ನಿಂತಿದೆ. ಅಂದು ಆ ಹುಡುಗನಿಗೆ ಅಜ್ಜಿಕಥೆಯೆಂದು ಮೂದಲಿಸಿದ ನಾನು ಅದೇ ವಾರ ತರಗತಿಯಲ್ಲಿ ನಾಗವರ್ಮನನ್ನು ಹೊಗಳುತ್ತಿದ್ದೆ.

ಹೆಸರು ಉಳಿಯಿತು; ಹೆಸರಿನ ಒಡತಿ ಮಾತ್ರ ಹೊರಬಿದ್ದಳು. 19ನೆಯ ಶತಮಾನದ ಕೊನೆಯಲ್ಲಿ ಹೊಸ ಕಾದಂಬರಿ ನಮ್ಮಲ್ಲಿಗೆ ಬಂದಾಗ ಅದಕ್ಕೆ ಮಾಡಬೇಕಾದ ಕೆಲಸ ಬಹಳವಿತ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ವಿಧವೆಯ ಬಾಳನ್ನು ಎತ್ತಿಕೊಂಡಿತು; ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದರು. ಗಳಗನಾಥರು ಚರಿತ್ರೆಯ ಅಭಿಮಾನವನ್ನು ಎಚ್ಚರಿಸಿದರು. ಸುಧಾರಣೆಗೂ ದೇಶಾಭಿಮಾನಕ್ಕೂ ಗಂಟುಬಿದ್ದ ಆ ಕಾಲಕ್ಕೆ ಮಾತನಾಡುವ ಗಿಳಿಯಿಂದ ಆಗಬೇಕಾದುದೇನೂ ಇರಲಿಲ್ಲ. ಅದ್ಭುತವು ಜಾತ್ರೆಯ ಅಂಗಡಿಗಳಲ್ಲಿ ಮಾರುವ ಬತ್ತೀಸ ಪುತ್ಥಳಿ, ಬೇತಾಳನ ಕಥೆಗಳ ಅಗ್ಗದ ಪುಸ್ತಕಗಳಲ್ಲಿ ಉಳಿದುಕೊಂಡಿತು. 1949ರಿಂದಾಚೆಗೆ ‘ಚಂದಮಾಮ’ದ ಮೂಲಕ ಮಕ್ಕಳ ಕೈಗೆ ಬಂತು. ಹೀಗೆ ಅದು ಅವಿದ್ಯಾವಂತರ ಮತ್ತು ಮಕ್ಕಳ ಸೊತ್ತೆಂಬ ಭಾವನೆ ಬೇರೂರಿತು.

ಅತ್ತ ಹಿಂದಿಯಲ್ಲಿ ಕಥೆ ಬೇರೆಯಾಯಿತು. ಅದೇ ಶತಮಾನದ ಕೊನೆಯಲ್ಲಿ ದೇವಕೀನಂದನ ಖತ್ರಿಯವರು ‘ಚಂದ್ರಕಾಂತಾ’ ಎಂಬ ಕಾದಂಬರಿಯನ್ನು ಬರೆದರು. ಮಾಯಾದುರ್ಗಗಳು, ವೇಷ ಬದಲಿಸುವ ಗೂಢಚಾರರು, ತೆರೆಯಲಾಗದ ಬಾಗಿಲುಗಳು. ಈ ಪುಸ್ತಕವನ್ನು ಓದುವುದಕ್ಕಾಗಿಯೇ ಎಷ್ಟೋ ಮಂದಿ ಹಿಂದಿಯನ್ನು ಕಲಿತರೆಂದು ಆ ಸಾಹಿತ್ಯದ ಚರಿತ್ರಕಾರರು ಬರೆದಿಡುತ್ತಾರೆ. ಅವರೇ ಇದನ್ನು ಉತ್ತಮ ಸಾಹಿತ್ಯವೆಂದು ಒಪ್ಪುವುದಿಲ್ಲ. ಆದರೆ ಓದುಗರನ್ನು ಹುಟ್ಟಿಸಿದ ಪುಣ್ಯ ಇದರದೆಂಬುದನ್ನು ಅಲ್ಲಗಳೆಯುವುದಿಲ್ಲ. ಮುಂದೆ ಪ್ರೇಮಚಂದರು ಬರೆಯತೊಡಗಿದಾಗ ಹಿಂದಿಯಲ್ಲಿ ಓದುಗರ ಒಂದು ಸಮೂಹವೇ ಸಿದ್ಧವಾಗಿತ್ತು.

ಇನ್ನು ಗ್ರಂಥಾಲಯಗಳ ಸಂಗತಿ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದುದು 1850ರಲ್ಲಿ. ಕೆಲಸಗಾರರು ಹೆಂಡದಂಗಡಿಯನ್ನು ಬಿಟ್ಟು ಜ್ಞಾನಾರ್ಜನೆಗೆ ಬರುವರೆಂಬುದು ಅದನ್ನು ತಂದವರ ಆಸೆ. ಜನ ಬಂದರೇನೋ ನಿಜ. ಬಂದವರು ಕೇಳಿದುದು ಕಾದಂಬರಿಯನ್ನು. ಜನರ ತೆರಿಗೆಯ ಹಣದಲ್ಲಿ ಕಾದಂಬರಿ ಕೊಳ್ಳಬಹುದೇ ಎಂಬ ವಾದ ದಶಕಗಳವರೆಗೆ ನಡೆಯಿತು. ಕೊನೆಗೆ ಕಾದಂಬರಿಗೆ ಬಾಗಿಲು ತೆರೆಯಿತಾದರೂ ಅದ್ಭುತ ಕಥೆ ಜಗುಲಿಯಲ್ಲೇ ಉಳಿಯಿತು. ಅಮೆರಿಕದಲ್ಲಿ ಎಲ್. ಫ್ರಾಂಕ್ ಬಾಮ್ ಬರೆದ, ಓಜ್ ಎಂಬ ಮಾಯಾಲೋಕದ ಕಥೆ 1900ರಲ್ಲಿ ಪ್ರಕಟವಾಗಿ ಮನೆಮನೆಯ ಮಾತಾಯಿತು. ಆದರೂ 1957ರಲ್ಲಿ ಡೆಟ್ರಾಯಿಟ್ ನಗರದ ಗ್ರಂಥಾಲಯಾಧಿಕಾರಿಗಳು ಆ ಪುಸ್ತಕಗಳಲ್ಲಿ ಮಕ್ಕಳಿಗೆ ಪ್ರಯೋಜನಕರವಾದುದು ಏನೂ ಇಲ್ಲವೆಂದು ಸಾರಿದರು.

ಇನ್ನೊಂದು ಪ್ರಸಂಗ ನನಗೆ ಹೆಚ್ಚು ಚುಚ್ಚಿತು. 1973ರಲ್ಲಿ ಅಮೆರಿಕದ ವಾಯವ್ಯ ಪ್ರಾಂತದ ಗ್ರಂಥಪಾಲಕರು ಪೋರ್ಟ್‌ಲೆಂಡಿನಲ್ಲಿ ಸೇರಿದ್ದ ಸಮ್ಮೇಳನಕ್ಕೆ ಉರ್ಸುಲಾ ಲೆ ಗ್ವಿನ್ ಎಂಬ ಲೇಖಕಿ ಬಂದಿದ್ದರು. ಅಮೆರಿಕನ್ನರು ಘಟಸರ್ಪಗಳಿಗೆ ಏಕೆ ಹೆದರುತ್ತಾರೆ ಎಂಬುದು ಅವರ ಭಾಷಣದ ವಿಷಯ. ತಮ್ಮ ಸ್ನೇಹಿತನೊಬ್ಬನು ಗ್ರಂಥಾಲಯಕ್ಕೆ ಹೋಗಿ ಟೋಲ್ಕಿನ್ನರ ‘ಹಾಬಿಟ್’ ಪುಸ್ತಕವನ್ನು ಕೇಳಿದಾಗ, ಅದನ್ನು ದೊಡ್ಡವರ ವಿಭಾಗದಲ್ಲಿ ಮಾತ್ರ ಇಟ್ಟಿದೆ, ವಾಸ್ತವದಿಂದ ಓಡಿಹೋಗುವ ಅಭ್ಯಾಸ ಮಕ್ಕಳಿಗೆ ಒಳ್ಳೆಯದಲ್ಲ ಎಂಬ ಉತ್ತರ ಬಂತಂತೆ. ಇದನ್ನು ಅವರು ಗ್ರಂಥಪಾಲಕರ ಮುಂದೆಯೇ ಹೇಳಿದರು. ಕಲ್ಪನೆಗೆ ಹೆದರುವವನು ಸ್ವಾತಂತ್ರ್ಯಕ್ಕೂ ಹೆದರುತ್ತಾನೆ, ಅದ್ಭುತವು ನಡೆದ ಸಂಗತಿಯಲ್ಲದಿದ್ದರೂ ಸತ್ಯವಾದುದು ಎಂಬುದು ಅವರ ವಾದದ ಸಾರ. ಅಂದು ಆ ಸಭೆಯಲ್ಲಿದ್ದಿದ್ದರೆ ನಾನು ತಲೆತಗ್ಗಿಸಬೇಕಾಗುತ್ತಿತ್ತು.

‘ಓಡಿಹೋಗುವುದು’ ಎಂಬ ಈ ಆಪಾದನೆಗೆ ಟೋಲ್ಕಿನ್ನರು ಮೊದಲೇ ಉತ್ತರ ಕೊಟ್ಟಿದ್ದರು. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಅವರು 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ರಣರಂಗದಿಂದ ಓಡಿಹೋಗುವ ಸಿಪಾಯಿಯನ್ನೂ ಸೆರೆಮನೆಯಿಂದ ತಪ್ಪಿಸಿಕೊಳ್ಳಬಯಸುವ ಬಂದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದರು. ಬಂದಿಯು ಗೋಡೆಯಾಚೆಯ ಮರಗಿಡಗಳನ್ನು ನೆನೆದರೆ ಅದು ಹೇಡಿತನವಲ್ಲ. ಆದರೂ ಅವರ ಮಹಾಕೃತಿ ‘ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಾಗ ವಿಮರ್ಶಕರು ಎರಡು ಪಾಳೆಯವಾದರು. ಕವಿ ಆಡೆನ್ ಮೆಚ್ಚಿ ಬರೆದರು; ಅಮೆರಿಕದ ಪ್ರಸಿದ್ಧ ವಿಮರ್ಶಕ ಎಡ್ಮಂಡ್ ವಿಲ್ಸನ್ ಅದನ್ನು ಬೆಳೆದುಬಿಟ್ಟ ಮಕ್ಕಳ ಕಥೆಯೆಂದು ಗೇಲಿಮಾಡಿದರು.

ಹಾಗಾದರೆ ಈ ಪುಸ್ತಕಗಳನ್ನು ಓದುಗರಿಗೆ ಮುಟ್ಟಿಸಿದವರು ಯಾರು? ಇಲ್ಲಿ ಚರಿತ್ರೆ ನಗು ತರಿಸುತ್ತದೆ. 1936ರಲ್ಲಿ ‘ಹಾಬಿಟ್’ ಹಸ್ತಪ್ರತಿ ಸ್ಟ್ಯಾನ್ಲಿ ಅನ್ವಿನ್ ಎಂಬ ಪ್ರಕಾಶಕರ ಕೈಗೆ ಬಂದಾಗ, ಅವರು ಅದನ್ನು ಹತ್ತು ವರ್ಷದ ಮಗ ರೇನರನಿಗೆ ಕೊಟ್ಟು ಅಭಿಪ್ರಾಯ ಬರೆಯಲು ಹೇಳಿದರು. ಸಂಭಾವನೆ ಒಂದು ಷಿಲಿಂಗ್. ಹುಡುಗ ಮೆಚ್ಚಿ ಬರೆದ. ಮರುವರ್ಷ ಪುಸ್ತಕ ಅಚ್ಚಾಯಿತು. ಮುಂದೆ ಅವನೇ ಬೆಳೆದು ಪ್ರಕಾಶಕನಾಗಿ, ಸಾವಿರ ಪೌಂಡು ನಷ್ಟವಾದೀತೆಂಬ ಅಂಜಿಕೆಯಿದ್ದರೂ, ತಂದೆಯ ಒಪ್ಪಿಗೆ ಪಡೆದು ಮೂರು ಸಂಪುಟಗಳ ಆ ದೊಡ್ಡ ಕೃತಿಯನ್ನು ಹೊರತಂದ. ಅರುವತ್ತು ವರ್ಷಗಳ ತರುವಾಯ ಇನ್ನೊಬ್ಬ ಪ್ರಕಾಶಕರ ಎಂಟು ವರ್ಷದ ಮಗಳು ಒಂದು ಹಸ್ತಪ್ರತಿಯ ಮೊದಲ ಅಧ್ಯಾಯವನ್ನೋದಿ ಮುಂದಿನದೆಲ್ಲಿ ಎಂದು ಹಟಹಿಡಿದಳು. ಅದು ಹ್ಯಾರಿ ಪಾಟರನ ಮೊದಲ ಕಥೆ. 1997ರಲ್ಲಿ ಅದರ ಮೊದಲ ಮುದ್ರಣದ ಗಟ್ಟಿರಟ್ಟಿನ ಪ್ರತಿಗಳು ಕೇವಲ 500. ಅವುಗಳಲ್ಲಿ ಸುಮಾರು 300 ಹೋದುದು ಗ್ರಂಥಾಲಯಗಳಿಗೆ! ಜಗತ್ತೇ ಓದಿದ ಪುಸ್ತಕ ಮೊಟ್ಟಮೊದಲು ಕುಳಿತದ್ದು ಎರವಲು ಪುಸ್ತಕಗಳ ಕಪಾಟಿನಲ್ಲಿ. ಹಾಗೆಂದು ವಿರೋಧವೇನೂ ತಪ್ಪಲಿಲ್ಲ. 2000ದಿಂದ 2009ರವರೆಗಿನ ದಶಕದಲ್ಲಿ, ಗ್ರಂಥಾಲಯದಿಂದ ತೆಗೆದುಹಾಕಿರೆಂದು ಅಮೆರಿಕದಲ್ಲಿ ಅತಿ ಹೆಚ್ಚು ದೂರು ಬಂದುದು ಇದೇ ಪುಸ್ತಕಗಳ ಮೇಲೆ.

ಈ ಜಗಳಕ್ಕೆ ನಮ್ಮ ದೇಶದವರೊಬ್ಬರು 1931ರಲ್ಲಿಯೇ ತೀರ್ಪು ಕೊಟ್ಟಿದ್ದರೆಂದು ನನ್ನ ಭಾವನೆ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಆ ವರ್ಷ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಎರಡನೆಯದು ಓದುಗನ ಪಕ್ಷದ್ದು: ಬಂದ ಪ್ರತಿಯೊಬ್ಬನಿಗೂ ಅವನ ಪುಸ್ತಕ ದೊರೆಯಬೇಕು. ಮೂರನೆಯದು ಪುಸ್ತಕದ ಪಕ್ಷದ್ದು: ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನನ್ನು ಹುಡುಕಿಕೊಡಬೇಕು. ಓದುಗನನ್ನು ತಿದ್ದಬೇಕೆಂದು ಐದರಲ್ಲಿ ಯಾವ ಸೂತ್ರವೂ ಹೇಳುವುದಿಲ್ಲ. ರಂಗನಾಥನ್ನರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ನೆಲೆಗೊಳಿಸಿ, 1972ರಲ್ಲಿ ಅಲ್ಲಿಯೇ ಕಾಲವಾದರು. 1965ರಲ್ಲಿ ನಮ್ಮ ರಾಜ್ಯಕ್ಕೂ ಗ್ರಂಥಾಲಯಗಳ ಕಾನೂನು ಬಂತು. ಮನೆಯ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ತೆರುತ್ತೇವೆ. ಹೀಗಿರುವಲ್ಲಿ ಓದುಗನು ಕೇಳಿದ ಪುಸ್ತಕಕ್ಕೆ ಮೂಗು ಮುರಿಯುವ ಅಧಿಕಾರ ನನಗೆ ಕೊಟ್ಟವರಾರು?

ಶಿಫಾರಸು ಮಾಡುವುದೆಂದರೆ ನಮಗೆ ಇಷ್ಟವಾದುದನ್ನು ಇನ್ನೊಬ್ಬರ ಮೇಲೆ ಹೇರುವುದಲ್ಲ, ಬಂದವರ ಹಸಿವನ್ನು ಕೇಳಿ ಬಡಿಸುವುದು. ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಪಟ್ಟಿ ಬರೆದೆ. ಪ್ರತಿಯೊಂದು ಪುಸ್ತಕದ ಮುಂದೆ ಅದರ ಹೊಗಳಿಕೆಗೆ ಬದಲಾಗಿ, ಅದು ಯಾರಿಗೆ ಹಿತವಾದೀತೆಂದು ಬರೆದಿದ್ದೇನೆ.

ಚರಿತ್ರೆಯ ಕಾದಂಬರಿಗಳನ್ನು ಮೆಚ್ಚುವವರಿಗೆ ಸಲ್ಮಾನ್ ರಶ್ದಿಯವರ ‘ವಿಕ್ಟರಿ ಸಿಟಿ’ (2023). ಇದು ನಮ್ಮ ವಿಜಯನಗರದ ಕಥೆ. ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡ ‘ಬಿಸ್ನಗ’ ಎಂಬ ಹೆಸರು ಇಲ್ಲಿ ರಾಜ್ಯದ ಹೆಸರು. ಪಂಪಾ ಕಂಪನಾ ಎಂಬ ಬಾಲಿಕೆ ತಾಯಿ ಚಿತೆಗೆ ನಡೆದುದನ್ನು ಕಂಡು, ದೇವಿಯ ಆವೇಶ ಪಡೆದು, 247 ವರ್ಷ ಬದುಕುತ್ತಾಳೆ. ಅವಳು ಕೊಟ್ಟ ಬೀಜಗಳನ್ನು ಹುಕ್ಕ ಬುಕ್ಕರು ಬಿತ್ತಿದಾಗ ನಗರವೇ ಮೊಳೆಯುತ್ತದೆ. ಮೊಳೆತ ಜನರಿಗೆ ನೆನಪುಗಳಿಲ್ಲ; ಅವಳು ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟಿ ಅವರವರ ಪೂರ್ವಕಥೆಯನ್ನು ಕೊಡುತ್ತಾಳೆ. ಹಂಪೆಯನ್ನು ಬಲ್ಲ ಕನ್ನಡಿಗನಿಗೆ ಲೇಖಕರು ಚರಿತ್ರೆಯೊಂದಿಗೆ ವಹಿಸಿದ ಸಲಿಗೆ ಅಲ್ಲಲ್ಲಿ ಅತಿಯೆನಿಸುತ್ತದೆ, ನನಗೂ ಅನಿಸಿತು. ಆದರೆ ರಾಜ್ಯಗಳು ಅಳಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಯನ್ನು 1565ರ ಬಳಿಕ ನಾವು ಕೇಳಿಕೊಳ್ಳುತ್ತಲೇ ಬಂದಿದ್ದೇವೆ. ಇಲ್ಲಿಯೂ ಅದೇ ಪ್ರಶ್ನೆ.

ಭಾಷೆ, ಅನುವಾದಗಳಲ್ಲಿ ಆಸಕ್ತಿಯುಳ್ಳವರಿಗೆ ಆರ್. ಎಫ್. ಕುವಾಂಗ್ ಬರೆದ ‘ಬೇಬೆಲ್’ (2022). 1830ರ ದಶಕದ ಆಕ್ಸ್‌ಫರ್ಡಿನಲ್ಲಿ ಅನುವಾದಕರ ಗೋಪುರವೊಂದಿದೆ. ಬೆಳ್ಳಿಯ ಕಂಬಿಯ ಮೇಲೆ ಎರಡು ಭಾಷೆಗಳ ಸಮಾನಾರ್ಥಕ ಪದಗಳನ್ನು ಕೊರೆದರೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಸೋರಿಹೋಗುವ ಅರ್ಥವೇ ಮಂತ್ರಶಕ್ತಿಯಾಗಿ ಸಾಮ್ರಾಜ್ಯವನ್ನು ನಡೆಸುತ್ತದೆ. ಕ್ಯಾಂಟನ್ ನಗರದಿಂದ ತಂದು ಸಾಕಿದ ಹುಡುಗನೊಬ್ಬನು ತನ್ನ ತಾಯ್ನುಡಿ ಯಾರ ಸೇವೆಗೆ ಬಳಕೆಯಾಗುತ್ತಿದೆಯೆಂದು ಅರಿಯುವುದೇ ಕಥೆ. ವಾದ ಕೆಲವೆಡೆ ಉಪನ್ಯಾಸವಾಗುತ್ತದೆ. ಅನುವಾದ ಮಾಡಿ ಕೈ ಸುಟ್ಟುಕೊಂಡವರು ಅದನ್ನು ಕ್ಷಮಿಸುವರು.

ಏಕಾಂಗಿಗಳಿಗೂ ಕಾಯಿಲೆಯಿಂದ ಎದ್ದವರಿಗೂ ಸುಸಾನಾ ಕ್ಲಾರ್ಕರ ‘ಪಿರನೇಸಿ’ (2020). ಕೊನೆಯಿಲ್ಲದ ಹಜಾರಗಳು, ಸಾವಿರಾರು ಪ್ರತಿಮೆಗಳು, ಕೆಳಗಿನ ಅಂತಸ್ತಿನಲ್ಲಿ ಉಬ್ಬಿಳಿಯುವ ಸಮುದ್ರ, ಮೇಲಿನದರಲ್ಲಿ ಮೋಡ. ಆ ಮನೆಯಲ್ಲಿ ಒಬ್ಬನೇ ಒಬ್ಬ ಮನುಷ್ಯನು ದಿನಚರಿ ಬರೆಯುತ್ತ, ಮೀನು ಹಿಡಿಯುತ್ತ, ಕೃತಜ್ಞನಾಗಿ ಬದುಕುತ್ತಾನೆ. ತಾನು ಯಾರೆಂಬುದು ಮಾತ್ರ ಅವನಿಗೆ ಮರೆತುಹೋಗಿದೆ. ದೀರ್ಘಕಾಲದ ಅಸ್ವಾಸ್ಥ್ಯದ ನಡುವೆ ಲೇಖಕಿ ಬರೆದ ಈ ಪುಸ್ತಕ ಚಿಕ್ಕದು. 2021ರಲ್ಲಿ ಇಂಗ್ಲೆಂಡಿನ ಮಹಿಳಾ ಸಾಹಿತ್ಯ ಪ್ರಶಸ್ತಿ ಪಡೆಯಿತು. ಈ ಪಟ್ಟಿಯಲ್ಲಿ ಒಂದನ್ನೇ ಓದುವೆನೆನ್ನುವವರಿಗೆ ನಾನು ಕೊಡುವುದು ಇದನ್ನು.

ದುಃಖದ ಕಥೆಗೆ ಅಂಜದವರಿಗೆ ಎನ್. ಕೆ. ಜೆಮಿಸಿನ್ನರ ‘ಫಿಫ್ತ್ ಸೀಸನ್’ (2015). ಮತ್ತೆ ಮತ್ತೆ ಭೂಕಂಪದಿಂದ ನಾಶವಾಗುವ ಲೋಕದಲ್ಲಿ, ನೆಲವನ್ನು ನಡುಗಿಸಬಲ್ಲ, ಶಾಂತಗೊಳಿಸಬಲ್ಲ ಜನರನ್ನು ಉಳಿದವರು ಹೆದರಿ ದಾಸರನ್ನಾಗಿ ಇಟ್ಟುಕೊಳ್ಳುತ್ತಾರೆ. ಈ ಕಥೆಯ ಮೂರು ಭಾಗಗಳಿಗೂ 2016, 2017, 2018ರಲ್ಲಿ ಒಂದರ ಹಿಂದೊಂದರಂತೆ ಹ್ಯೂಗೊ ಪ್ರಶಸ್ತಿ ಬಂತು. ಅಸ್ಪೃಶ್ಯತೆಯನ್ನು ಕಂಡ ನಾಡಿನವರಿಗೆ ಇದರ ನೋವು ಬೇಗ ಅರ್ಥವಾಗುತ್ತದೆ.

ಬುದ್ಧನ ಕಥೆಯನ್ನು ಬಲ್ಲವರಿಗೆ ಶ್ರೀಲಂಕಾದ ವಜ್ರ ಚಂದ್ರಶೇಖರರ ‘ಸೇಂಟ್ ಆಫ್ ಬ್ರೈಟ್ ಡೋರ್ಸ್’ (2023). ತಂದೆ ಮನೆ ತೊರೆದುಹೋದ ಮಹಾಪುರುಷ. ತಾಯಿ ಮಗನ ನೆರಳನ್ನು ಹುಟ್ಟಿದಾಗಲೇ ಕಿತ್ತೆಸೆದು, ತಂದೆಯನ್ನು ಕೊಲ್ಲುವುದಕ್ಕಾಗಿ ಅವನನ್ನು ಬೆಳೆಸುತ್ತಾಳೆ. ಅವನು ಸೇರುವ ನಗರದಲ್ಲಿ ಎಂದೂ ತೆರೆಯದ ಬಣ್ಣದ ಬಾಗಿಲುಗಳಿವೆ. ಓದುವುದು ಸುಲಭವಲ್ಲ, ಹೊಸಬರು ಇದರಿಂದ ಆರಂಭಿಸಬಾರದು.

ಮೊದಲ ಬಾರಿಗೆ ಈ ದಾರಿಗೆ ಬರುವ ಹುಡುಗ ಹುಡುಗಿಯರಿಗೆ ಹೊಸತಲ್ಲದಿದ್ದರೂ ಒಂದನ್ನು ಸೇರಿಸಿದ್ದೇನೆ: ಲೆ ಗ್ವಿನ್ನರ ‘ವಿಜರ್ಡ್ ಆಫ್ ಅರ್ತ್‌ಸೀ’ (1968). ಕಂದುಬಣ್ಣದ ಮೇಕೆಕಾಯುವ ಹುಡುಗನೊಬ್ಬ ಮಂತ್ರವಿದ್ಯೆ ಕಲಿತು, ಅಹಂಕಾರದಿಂದ ಒಂದು ನೆರಳನ್ನು ಲೋಕಕ್ಕೆ ಬಿಟ್ಟು, ಮೊದಲು ಅದರಿಂದ ಓಡಿ, ಆಮೇಲೆ ಅದನ್ನೇ ಬೆನ್ನಟ್ಟುತ್ತಾನೆ. ಇದನ್ನು ಓದಿದವರು ‘ಓಡಿಹೋಗುವ ಸಾಹಿತ್ಯ’ ಎಂಬ ಮಾತನ್ನು ಮತ್ತೆ ಆಡಲಾರರು.

ಇವೆಲ್ಲ ಇಂಗ್ಲಿಷ್ ಪುಸ್ತಕಗಳಾದವಲ್ಲ, ಕನ್ನಡವನ್ನೇ ಓದುವವರ ಗತಿಯೇನು ಎಂದು ವಾಚಕರು ಕೇಳಬಹುದು. ಗ್ರಂಥಪಾಲಕರೂ ಕೇಳಿದರು. ನಮ್ಮಲ್ಲಿ ಅದ್ಭುತ ಸತ್ತಿಲ್ಲ. ‘ಫ್ಯಾಂಟಸಿ’ ಎಂಬ ಚೀಟಿ ಅಂಟಿಸಿಕೊಳ್ಳದೆ ಕುಳಿತಿದೆ, ಅಷ್ಟೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಯಲ್ಲಿ ದೀಪದ ಜ್ಯೋತಿಗಳು ಜೋತಮ್ಮರಾಗಿ ಸೇರಿ ಊರ ಸುದ್ದಿ ಮಾತನಾಡುತ್ತಾರೆ, ಮಂಚವೂ ಬಾಯಿಬಿಡುತ್ತದೆ. ದಲಿತ ಯುವಕನೊಬ್ಬನ ಕೊಲೆಯ ಸತ್ಯವನ್ನು ಹೇಳುವುದಕ್ಕೆ ಲೇಖಕರಿಗೆ ಬರಿಯ ವಾಸ್ತವ ಸಾಲದೆ ಬಂತೆಂಬುದನ್ನು ಗಮನಿಸಬೇಕು. ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ದಲ್ಲಿ ಶಿವಾಪುರ, ಕನಕಪುರಿಗಳೆಂಬ ಕಲ್ಪನೆಯ ಊರುಗಳ ನಡುವೆ, ವೈದ್ಯವಿದ್ಯೆಯನ್ನು ಅಧಿಕಾರದ ಮೆಟ್ಟಿಲಾಗಿಸಿಕೊಂಡವನ ಕಥೆಯಿದೆ. ಇವೆರಡನ್ನೂ ‘ಗಂಭೀರ ಸಾಹಿತ್ಯ’ದ ಕಪಾಟಿನಿಂದ ತೆಗೆಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಡಿಸಿದ್ದೇನೆ. ಜೊತೆಯಲ್ಲಿ ನಾಗವರ್ಮನ ಕಾದಂಬರಿಯನ್ನೂ ಇಡಿಸಿದೆ. ಆ ಮೇಜಿನಲ್ಲಿ ಹಿರಿಯಳ ಸ್ಥಾನ ಅವಳದು.

ಪಟ್ಟಿ ಈಗ ಬಾಗಿಲಲ್ಲಿದೆ. ಮೊದಲ ವಾರದಲ್ಲಿ ಹೊರಗೆ ಹೋದುದು ಒಂದೇ ಪುಸ್ತಕ, ‘ಕುಸುಮಬಾಲೆ’. ಅದನ್ನು ಒಯ್ದವರು ಹುಡುಗರಲ್ಲ, ನಿವೃತ್ತರಾದ ಒಬ್ಬ ಮಹಿಳೆ. ದೀಪಗಳು ಮಾತನಾಡುವ ಕಥೆಯನ್ನು ತಮ್ಮ ಅಜ್ಜಿ ಹೇಳುತ್ತಿದ್ದರೆಂದು ಅವರು ಗ್ರಂಥಪಾಲಕರಿಗೆ ತಿಳಿಸಿದರಂತೆ. ಅಜ್ಜಿಕಥೆಯೆಂಬ ಮಾತನ್ನು ನಾನು ಮೂದಲಿಕೆಯಾಗಿ ಬಳಸಿದ್ದೆ. ಆಕೆಗೆ ಅದು ಪುಸ್ತಕವನ್ನು ಕೈಗೆತ್ತಿಕೊಳ್ಳಲು ಕಾರಣವಾಯಿತು.

ಆ ವಿದ್ಯಾರ್ಥಿ ಈಗ ಎಲ್ಲಿರುವನೋ! ಮೂವತ್ತರ ಮೇಲೆ ವಯಸ್ಸಾಗಿರಬೇಕು, ಮಕ್ಕಳೂ ಇರಬಹುದು. ಅಂದು ಅವನ ಕೈಯಿಂದ ನಾನು ಕಿತ್ತುಕೊಂಡ ಪುಸ್ತಕ ಯಾವುದೆಂದು ನೆನಪಿಸಿಕೊಳ್ಳಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಹೆಸರನ್ನು ನೋಡುವ ಸೌಜನ್ಯವನ್ನೂ ತೋರಿರಲಿಲ್ಲ. ಆದ್ದರಿಂದ ಪಟ್ಟಿಯ ಕೆಳಗೆ ಒಂದು ಸಾಲನ್ನು ಖಾಲಿ ಬಿಡಿಸಿದ್ದೇನೆ. ತಮಗೆ ಹಿಡಿಸಿದ ಅದ್ಭುತ ಕಾದಂಬರಿಯ ಹೆಸರನ್ನೂ ಅದು ಎಂಥವರಿಗೆ ತಕ್ಕುದೆಂಬುದನ್ನೂ ಓದುಗರು ಅಲ್ಲಿ ಬರೆಯಬಹುದು. ತಮ್ಮೂರಿನ ಗ್ರಂಥಾಲಯದಲ್ಲಿಯೂ ಹೀಗೊಂದು ಹಾಳೆಯನ್ನು ಅಂಟಿಸಲು ವಾಚಕ ಮಹಾಶಯರು ಗ್ರಂಥಪಾಲಕರನ್ನು ಕೇಳಿಕೊಳ್ಳಲೆಂದು ಪ್ರಾರ್ಥಿಸಿ ಈ ಬರಹವನ್ನು ಮುಗಿಸುತ್ತೇನೆ.